ಅತ್ತೆಯ ನೇರಳೆ ಕೋಟು ಮತ್ತು ಎರಡನೇ ಕ್ಲಾಸಿನ ಹೋಮ್‌ವರ್ಕ್

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮತ್ತೆ ಟರ್ಕಿ ಕೋಳಿಯ ಹಾಗೆ ಕಾಣುತ್ತಾರೆ ಎಂದು ನಾನು ಯಾವತ್ತೂ ಹೇಳಿದವನಲ್ಲ. ಹೇಳಿದ್ದರೆ ಈ ಊರಲ್ಲಿ ಇಷ್ಟು ದಿನ ಉಳಿದಿರುತ್ತಿರಲಿಲ್ಲ. ಹಾಗೆ ಕಂಡದ್ದು ಶಾಲೆಯ ಆಫೀಸಿನ ಲವಾನ್‌ಗೆ, ಪೆಟ್ರೋಲ್ ಬಂಕಿನ ಎದುರು ನಿಂತಿದ್ದ ಮೂವರಿಗೆ, ಕಡೆಗೆ ಸಾಕ್ಷಾತ್ ಹೆಡ್‌ಮಾಸ್ತರಿಗೆ. ಅವರ ಕಣ್ಣುಗಳಿಗೆ ನಾನು ಜವಾಬ್ದಾರನಲ್ಲ. ನಾನು ಜವಾಬ್ದಾರನಾಗಿರುವುದು ಕೋಟಿಗೆ ಮಾತ್ರ.

ಎಲ್ಲಕ್ಕೂ ಮೂಲ ಹಳದಿ ಫೋಲ್ಡರು. ನಮ್ಮ ಹಾಲ್ಮರ್ ಊರಿನ ಶಾಲೆಯಲ್ಲಿ ಎರಡನೇ ಕ್ಲಾಸಿನ ಪ್ರತಿ ಮಗುವಿನ ಕೈಗೂ ಸೋಮವಾರ ಅದನ್ನು ಕೊಡುತ್ತಾರೆ. ಅದರೊಳಗೆ ಆ ವಾರದ ಹೋಮ್‌ವರ್ಕ್ ಇರುತ್ತದೆ. ಅದು ಮಗುವಿಗೆ ಮಾತ್ರವಲ್ಲ, 'ಮಗು ಮತ್ತು ಕುಟುಂಬಕ್ಕೆ'. ಶುಕ್ರವಾರ ಪಾಲಕರು ಸಹಿ ಹಾಕಿ ವಾಪಸು ಕಳಿಸಬೇಕು. ನಾನು ಓದಿದ ಹಳ್ಳಿ ಶಾಲೆಯಲ್ಲಿ ಒಂದೇ ಕೋಣೆ, ಒಂದೇ ಒಲೆ, ಎಂಟು ಕ್ಲಾಸು ಇದ್ದವು. ಅಲ್ಲಿ ಹೋಮ್‌ವರ್ಕ್ ಎಂದರೆ ಮನೆಗೆ ಹೋಗಿ ಹಸುವಿನ ಹಾಲು ಕರೆಯುವುದು. ಅದಕ್ಕೆ ಯಾರ ಸಹಿಯೂ ಬೇಕಿರಲಿಲ್ಲ.

ನನ್ನ ಹೆಂಡತಿ ಕಾರ್ಲಾಗೆ ವೃದ್ಧಾಶ್ರಮದಲ್ಲಿ ಮಧ್ಯಾಹ್ನದ ಪಾಳಿ. ಹಾಗಾಗಿ ಈ ವರ್ಷ ಫೋಲ್ಡರು ನನ್ನ ಪಾಲಿಗೆ ಬಂತು. ನಾನು ಟ್ರ್ಯಾಕ್ಟರ್ ರಿಪೇರಿ ಮಾಡುವ ಷೆಡ್ಡಿನಲ್ಲಿ ಮಗಳು ಬ್ರಿಟ್ಟಾ ಬಕೆಟ್ಟು ಬೋರಲು ಹಾಕಿಕೊಂಡು ಕೂರುತ್ತಿದ್ದಳು. ಒಲೆ ಉರಿಯುತ್ತಿತ್ತು. ನಮ್ಮಿಬ್ಬರ ಹೋಮ್‌ವರ್ಕ್ ಚೆನ್ನಾಗಿಯೇ ನಡೆಯುತ್ತಿತ್ತು ಎಂಬುದು ನನ್ನ ಅಭಿಪ್ರಾಯ. ಶಾಲೆಯ ಅಭಿಪ್ರಾಯ ಬೇರೆಯಿತ್ತು.

ಮೊದಲ ವಾರ 'ದಿನಾ ಇಪ್ಪತ್ತು ನಿಮಿಷ ಮಗುವಿನ ಜೊತೆ ಕುಳಿತು ಓದಿ' ಎಂದು ಬಂದಿತ್ತು. ನಾನು ಮಗುವಿನ ಜೊತೆ ಕುಳಿತೆ, ಗೇರ್‌ಬಾಕ್ಸಿನ ಪುಸ್ತಕವನ್ನು ಇಪ್ಪತ್ತು ನಿಮಿಷ ಗಟ್ಟಿಯಾಗಿ ಓದಿದೆ, ಸಹಿ ಹಾಕಿದೆ. ಈ ವಾರ ಏನು ಕಲಿತೆ ಎಂದು ಟೀಚರ್ ಕೇಳಿದಾಗ ಬ್ರಿಟ್ಟಾ ಎದ್ದು ನಿಂತು, "ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ರೆ ಒಳಗೆ ನೀರು ಹೋಗಿದೆ ಅಂತ ಅರ್ಥ" ಎಂದಳಂತೆ. ಇದು ವಿದ್ಯೆಯಲ್ಲದೆ ಮತ್ತೇನು? ಇನ್ನೊಂದು ವಾರ 'ನಿಮ್ಮ ಕುಟುಂಬದ ಮರವನ್ನು ತನ್ನಿ' ಎಂದಿತ್ತು. ನಮ್ಮಜ್ಜ ನೆಟ್ಟ ಎಲ್ಮ್ ಮರ ಹೋದ ವರ್ಷ ಬಿದ್ದಿತ್ತು. ಅದರ ಬುಡದಿಂದ ಒಂದು ಸುತ್ತು ಕೊಯ್ದು ಕೊಂಡುಹೋದೆ. ಎತ್ತಲು ಇಬ್ಬರು ಬೇಕಾಯಿತು. ಅವರಿಗೆ ಬೇಕಾಗಿದ್ದದ್ದು ತಾತ ಮುತ್ತಾತಂದಿರ ಹೆಸರಂತೆ! ಹೆಸರು ಬೇಕಿದ್ದರೆ ಹೆಸರು ಎಂದು ಬರೆಯಬೇಕಪ್ಪ!

ಎರಡು ಸಲವೂ ಟೀಚರ್ ಮಿಸ್ ಪಾವ್ಲಕ್ ಫೋಲ್ಡರಿನ ಮೇಲೆ ದುಂಡು ಅಕ್ಷರದಲ್ಲಿ, 'ಟೋರ್ಗರ್‌ಸನ್ ಅವರೇ, ಇದು ಬೇರೆ ಥರ ಇದೆ!' ಎಂದು ಬರೆದು ಒಂದು ನಗುಮುಖ ಹಾಕಿದ್ದಳು. ನಮ್ಮ ಮಿನಿಸೋಟ ರಾಜ್ಯದಲ್ಲಿ ಹುಟ್ಟಿದವರಿಗೆ ಈ ಮಾತಿನ ಪೆಟ್ಟು ಗೊತ್ತು. ನಮ್ಮ ಕಡೆ ಯಾರೂ ಬೈಯುವುದಿಲ್ಲ. 'ಬೇರೆ ಥರ ಇದೆ' ಎನ್ನುತ್ತಾರೆ, ಅಷ್ಟೇ. ಅದನ್ನು ಕೇಳಿಸಿಕೊಂಡವನು ತಲೆ ತಗ್ಗಿಸಿ ಮನೆಗೆ ಹೋಗುತ್ತಾನೆ. ಹೊಗಳಬೇಕಾದರೆ 'ಅಷ್ಟೇನೂ ಕೆಟ್ಟದಾಗಿಲ್ಲ' ಎನ್ನುತ್ತಾರೆ. ಅದು ಜೀವಮಾನದಲ್ಲಿ ಎರಡು ಸಲ ಸಿಕ್ಕರೆ ಪುಣ್ಯ. ನನಗೆ ಒಂದು ಸಲವೂ ಸಿಕ್ಕಿರಲಿಲ್ಲ. ಅದರಲ್ಲೂ ಅತ್ತೆಯಿಂದ.

ಅತ್ತೆ ಆರ್ಲಿಸ್ ಅದೇ ಶಾಲೆಯಲ್ಲಿ ನಲವತ್ತೊಂದು ವರ್ಷ ಪಾಠ ಮಾಡಿ ನಿವೃತ್ತರಾದವರು. ಊರಿನ ಅರ್ಧ ಜನ ಇವತ್ತಿಗೂ ಅವರನ್ನು ಕಂಡರೆ ಬಾಯಲ್ಲಿರುವ ಚೂಯಿಂಗ್ ಗಮ್ ನುಂಗುತ್ತಾರೆ. ಮರದ ಪ್ರಸಂಗವಾದ ಮೇಲೆ ಅವರು ಷೆಡ್ಡಿಗೇ ಬಂದು ಹೇಳಿದರು: "ಡ್ವೇನ್, ಇನ್ನೊಂದು ಸಲ ಹೀಗಾಯ್ತೋ, ಸೋಮವಾರ ಬ್ರಿಟ್ಟಾ ಬಸ್ ಇಳಿಯೋದು ನಮ್ಮನೆ ಮುಂದೆ. ಹೋಮ್‌ವರ್ಕ್ ನಾನು ಮಾಡಿಸ್ತೀನಿ. ವರ್ಷ ಪೂರ್ತಿ."

ಅವರು ಹೋದ ಮೇಲೆ ಬ್ರಿಟ್ಟಾ ಮೆಲ್ಲಗೆ ಕೇಳಿದಳು. "ಅಪ್ಪಾ, ಅಜ್ಜಿ ಮನೇಲಿ ಪೆನ್ಸಿಲ್ ಕೂಡ ನೆಟ್ಟಗೆ ಕೂತಿರುತ್ತೆ. ನಾನು ಇಲ್ಲೇ ಇರ್ಲಾ?"

"ಇರಮ್ಮ. ಇನ್ಮೇಲೆ ಕಾಗದದಲ್ಲಿ ಏನು ಬರೆದಿದ್ಯೋ ಅದನ್ನ ಅಕ್ಷರ ಬಿಡದೆ ಮಾಡ್ತೀವಿ" ಎಂದು ನಾನು ಮಾತು ಕೊಟ್ಟೆ. ಅಕ್ಷರ ಬಿಡದೆ ಮಾಡಿದ್ದೇ ಮುಂದಿನ ಅನಾಹುತ.

ನವೆಂಬರಿನ ಎರಡನೇ ಸೋಮವಾರ ಬ್ರಿಟ್ಟಾಳ ಹಾಲುಹಲ್ಲು ಕೀಳಿಸಲು ಅವಳನ್ನು ಮಧ್ಯಾಹ್ನವೇ ಶಾಲೆಯಿಂದ ಕರೆತಂದೆ. ಆದ್ದರಿಂದ ಹೋಮ್‌ವರ್ಕಿನ ವಿವರಣೆಗೆ ಅವಳು ಕ್ಲಾಸಿನಲ್ಲಿರಲಿಲ್ಲ. ಫೋಲ್ಡರನ್ನು ಆಫೀಸಿನವರು ನನ್ನ ಕೈಗೇ ಕೊಟ್ಟರು. ಮನೆಗೆ ಬಂದು ಟ್ರಕ್ಕಿನ ಬಾನೆಟ್ ಎತ್ತಿ ಆಯಿಲ್ ನೋಡುತ್ತಾ ಫೋಲ್ಡರು ಬಿಚ್ಚಿದೆ. ಒಳಗೆ ಎರಡು ಹಾಳೆಗಳಿದ್ದವು. ಮೇಲಿನದು ಖಾಲಿ ಹಾಳೆ, ಕೆಳಗಿನದರಲ್ಲಿ ಬರಹ. ಕೈಯಲ್ಲಿ ಆಯಿಲ್ ಕಡ್ಡಿ ಹಿಡಿದವನಿಗೆ ಖಾಲಿ ಹಾಳೆ ಸಿಕ್ಕರೆ ಏನು ಮಾಡುತ್ತಾನೆ? ಒರೆಸಿದೆ, ಮುದುರಿ ಜೇಬಿಗೆ ಹಾಕಿಕೊಂಡೆ. ಆಮೇಲೆ ಬರಹ ಓದಿದೆ.

'ನಮ್ಮ ಟರ್ಕಿ ಕೋಳಿ ಟಾಮ್‌ಗೆ ತುಂಬ ಭಯವಾಗಿದೆ! ಟರ್ಕಿ ಊಟದ ಹಬ್ಬ ಹತ್ತಿರ ಬಂತು, ಎಲ್ಲರ ಕಣ್ಣೂ ಅವನ ಮೇಲೆ! ಮನೆಯವರೆಲ್ಲ ಸೇರಿ ಅವನಿಗೆ ವೇಷ ಹಾಕಿ ಕಾಪಾಡಿ. ಮನೆಯಲ್ಲಿರುವ ಹಳೆಯ ವಸ್ತುಗಳನ್ನೇ ಬಳಸಿ. ಅವನು ಟರ್ಕಿ ಎಂದು ಯಾರಿಗೂ ಗುರುತು ಸಿಗಬಾರದು. ಶುಕ್ರವಾರದವರೆಗೆ ಗುಟ್ಟು! ಗೆಳೆಯರಿಗೂ ಹೇಳಬೇಡಿ!'

"ಟಾಮ್ ಎಲ್ಲಿ?" ಬ್ರಿಟ್ಟಾ ಹತ್ತಿ ಕಚ್ಚಿದ ಬಾಯಲ್ಲೇ ಕೇಳಿದಳು.

ನಾನು ಫೋಲ್ಡರು ಬೋರಲು ಹಾಕಿ ಕೊಡವಿದೆ. ಏನೂ ಬೀಳಲಿಲ್ಲ. "ನಾವೇ ತರ್ಬೇಕು ಅನ್ಸುತ್ತೆ" ಎಂದೆ.

ಬೇರೆ ಊರಿನವನಾಗಿದ್ದರೆ ಇಲ್ಲಿಗೇ ನಿಂತು ಯೋಚಿಸುತ್ತಿದ್ದ. ಆದರೆ ನಮ್ಮ ಹಾಲ್ಮರ್‌ನಲ್ಲಿ ಮನುಷ್ಯರು ಆರುನೂರು, ಟರ್ಕಿ ಕೋಳಿಗಳು ಎರಡು ಲಕ್ಷ. ಇಲ್ಲಿ ಟರ್ಕಿಯ ಚಿತ್ರ ಹುಡುಕುವುದಕ್ಕಿಂತ ಟರ್ಕಿ ಹುಡುಕುವುದು ಸುಲಭ. ಪಕ್ಕದ ಹೊಲದ ವರ್ಲಿನ್ ಒಬ್ಬನೇ ಹನ್ನೆರಡು ಸಾವಿರ ಸಾಕಿದ್ದಾನೆ.

"ವರ್ಲಿನ್, ಒಂದು ಗಂಡು ಟರ್ಕಿ ಬೇಕಲ್ಲ."

"ಹಬ್ಬಕ್ಕಾ?"

"ಹೋಮ್‌ವರ್ಕಿಗೆ."

ಬ್ರಹ್ಮಚಾರಿ ವರ್ಲಿನ್ ಟೋಪಿ ಎತ್ತಿ ತಲೆ ಕೆರೆದುಕೊಂಡ. "ನಮ್ಮ ಕಾಲದಲ್ಲಿ ಹೋಮ್‌ವರ್ಕ್ ನಲವತ್ತು ಪೌಂಡ್ ತೂಗ್ತಿರ್ಲಿಲ್ಲ ಕಣಯ್ಯಾ."

"ಈಗಿನ ಕಾಲದ ಓದು ಭಾರ."

"ತಗೊಂಡು ಹೋಗು. ಆದ್ರೆ ಒಂದ್ಸಲ ಕೊಟ್ಟಿಗೆ ದಾಟಿದ ಕೋಳೀನ ನಾನು ಮತ್ತೆ ಒಳಗೆ ಸೇರ್ಸಲ್ಲ. ಹಕ್ಕಿ ಜ್ವರದ ಕಾಟ ಇದೆ. ಆಮೇಲೆ ಅದು ನಿನ್ ತಲೆನೋವು."

ಹೀಗೆ ಟಾಮ್ ನಮ್ಮ ಷೆಡ್ಡಿಗೆ ಬಂದ. ಮೈ ಹಿಮದಷ್ಟು ಬಿಳುಪು, ತಲೆ ಕೆಂಪು, ಗಲ್ಲದ ಕೆಳಗೆ ಜೋಲಾಡುವ ಚರ್ಮ. ಯಾರಾದರೂ ಜೋರಾಗಿ ಮಾತಾಡಿದರೆ ಸಾಕು, ಕತ್ತು ಚಾಚಿ "ಗಳಗಳಗಳ" ಎಂದು ಉತ್ತರ ಕೊಡುತ್ತಿದ್ದ. ನನ್ನದು ಹುಟ್ಟಿನಿಂದಲೂ ಜೋರು ಗಂಟಲು. ಇಬ್ಬರ ಸಂಭಾಷಣೆ ಇಡೀ ಸಂಜೆ ನಡೆಯಿತು.

ಮಾರನೆಯ ದಿನ ಪಾಳಿಗೆ ಹೊರಡುವ ಆತುರದಲ್ಲಿ ಕಾರ್ಲಾ ಕೇಳಿದಳು. "ಹೋಮ್‌ವರ್ಕ್ ಏನ್ರೀ ಈ ವಾರ?"

"ಟರ್ಕಿಗೆ ವೇಷ ಹಾಕೋದು."

"ಓ, ಅದಾ! ಎಲ್ಲಾ ವರ್ಷಾನೂ ಮಾಡಿಸ್ತಾರೆ. ಮುಗಿದ್ಮೇಲೆ ಫ್ರಿಜ್ಜಿಗೆ ಅಂಟ್ಸಿಡಿ, ಬಂದು ನೋಡ್ತೀನಿ."

"ಅದು ಫ್ರಿಜ್ಜಿಗೆ ಅಂಟಲ್ಲ ಕಣೇ. ಭಾರ ಇದೆ."

"ಗೋಂದು ಕಮ್ಮಿ ಬಳೀರಿ" ಎಂದು ಹೇಳಿ ಕಾರು ಹತ್ತಿದಳು.

ಇದನ್ನು ಯಾಕೆ ಬರೆದೆನೆಂದರೆ, ಆಮೇಲೆ ನಾನು ಹೆಂಡತಿಯಿಂದ ಮುಚ್ಚಿಟ್ಟೆ ಎಂದು ಊರಿನವರು ಆಡಿಕೊಂಡರು. ನಾನು ಏನನ್ನೂ ಮುಚ್ಚಿಟ್ಟಿರಲಿಲ್ಲ.

ವೇಷ ಸುಲಭವಾಗಿ ಕೂರಲಿಲ್ಲ. ಮಂಗಳವಾರ ಬ್ರಿಟ್ಟಾ ಅಗ್ನಿಶಾಮಕದವನ ವೇಷ ಎಂದಳು. ಟಾಮ್ ಟೋಪಿಯನ್ನು ಒಲೆಯ ಹಿಂದೆ ಕೊಡವಿ ಬೀಳಿಸಿದ. ಬುಧವಾರ ನಾಯಿಯ ವೇಷ ಹಾಕಿದೆವು. ನಮ್ಮ ನಾಯಿ ಅದನ್ನು ನೋಡಿ ಷೆಡ್ಡು ಬಿಟ್ಟು ಓಡಿತು. ಗುರುವಾರ ನನ್ನ ಕಣ್ಣು ಮೂಲೆಯಲ್ಲಿದ್ದ ಚೀಲದ ಮೇಲೆ ಬಿತ್ತು. ಚರ್ಚಿಗೆ ದಾನ ಕೊಡಲು ಕಾರ್ಲಾ ಕಟ್ಟಿಟ್ಟಿದ್ದ ಹಳೆಯ ಬಟ್ಟೆಗಳು. ಒಳಗೆ ಅತ್ತೆಯ ನೇರಳೆ ಬಣ್ಣದ ಕೋಟು, ಅದಕ್ಕೆ ಹೊಂದುವ ಉಣ್ಣೆ ಟೋಪಿ, ಬೂದು ಮಫ್ಲರು, ಕತ್ತಿಗೆ ನೇತುಹಾಕುವ ದಾರವಿದ್ದ ಹಳೆಯ ಕನ್ನಡಕ. ಟೋಪಿ ಕಣ್ಣಿನವರೆಗೆ ಇಳಿದ ಕೂಡಲೇ ಟಾಮ್ ಸಾಧುವಾದ. ತೋಳುಗಳಿಗೆ ಹುಲ್ಲು ತುಂಬಿದೆ. ಗುಂಡಿ ಹಾಕಿದೆ. ಬ್ರಿಟ್ಟಾ ಕೊಕ್ಕಿನ ಮೇಲೆ ಕನ್ನಡಕ ಇಟ್ಟು ಎರಡು ಹೆಜ್ಜೆ ಹಿಂದಕ್ಕೆ ಸರಿದಳು.

"ಅಯ್ಯಯ್ಯೋ, ಅಪ್ಪಾ!"

"ಏನು?"

"ನೀನೇ ನೋಡು. ನಾನು ಹೇಳಲ್ಲ."

ನೋಡಿದೆ. ನಾನೂ ಹೇಳುವುದಿಲ್ಲ.

ಕಾಗದದಲ್ಲಿ 'ಯಾರಿಗೂ ಗುರುತು ಸಿಗಬಾರದು' ಎಂದಿತ್ತಲ್ಲ, ಪರೀಕ್ಷೆ ಮಾಡದೆ ಒಯ್ಯುವುದು ಹೇಗೆ? ನಾನು ರಿಪೇರಿ ಮಾಡಿದ ಟ್ರ್ಯಾಕ್ಟರನ್ನೂ ಒಂದು ಸುತ್ತು ಓಡಿಸದೆ ಕೊಡುವವನಲ್ಲ. ಟಾಮ್‌ನನ್ನು ಟ್ರಕ್ಕಿನ ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದೆ. ಬ್ರಿಟ್ಟಾ ಹಿಂದೆ ಕೂತಳು. ಊರಿನ ದೊಡ್ಡ ಬೀದಿಯಲ್ಲಿ ನಿಧಾನವಾಗಿ ಹೊರಟೆ.

ಪೆಟ್ರೋಲ್ ಬಂಕಿನ ಎದುರಿದ್ದ ಮೂವರು ಟೋಪಿ ಮುಟ್ಟಿ ನಮಸ್ಕರಿಸಿದರು. ನನಗಲ್ಲ. ನನಗೆ ಇಪ್ಪತ್ತು ವರ್ಷದಿಂದ ಅವರು ಬರೀ ಒಂದು ಬೆರಳು ಎತ್ತುತ್ತಾರೆ. ಹಿಂದಿನ ಸೀಟಿನಲ್ಲಿ ಬ್ರಿಟ್ಟಾ ಬಾಯಿಗೆ ಕೈಗವಸು ತುರುಕಿಕೊಂಡು ನಗು ತಡೆಯುತ್ತಿದ್ದಳು. ಶಾಲೆಯ ತಿರುವಿನಲ್ಲಿ ಲವಾನ್ ಅಡ್ಡ ಬಂದಳು. ಅವಳು ಶಾಲೆಯ ಆಫೀಸಿನವಳು, ದೂರದ್ದೂ ಕಾಣದು, ಹತ್ತಿರದ್ದೂ ಕಾಣದು. ಆದರೂ ಊರಿನ ಸಮಾಚಾರವೆಲ್ಲ ಅವಳ ಮೂಲಕವೇ ಹೋಗಬೇಕು. ಕಿಟಕಿ ತಟ್ಟಿದಳು.

"ಆರ್ಲಿಸ್! ಎಷ್ಟು ದಿನ ಆಯ್ತು ಕಂಡು! ಹೇಗಿದ್ದೀರಿ?"

"ಗಳಗಳಗಳ" ಎಂದ ಟಾಮ್.

ಲವಾನ್‌ಳ ಕೈ ಎದೆಗೆ ಹೋಯಿತು. ನಾನು ಗುಟ್ಟು ಬಿಡುವಂತಿರಲಿಲ್ಲ, ಶುಕ್ರವಾರದವರೆಗೆ ಎಂದು ಕಾಗದದಲ್ಲೇ ಇದೆ.

"ಗಂಟಲು ಸ್ವಲ್ಪ ಸರಿಯಿಲ್ಲ" ಎಂದೆ.

"ಯಾವಾಗಿಂದ?"

"ನನ್ ಹತ್ರ ಬಂದಿದ್ದು ಸೋಮವಾರ. ಅವತ್ತಿಂದಲೂ ಹೀಗೇ."

"ಡಾಕ್ಟ್ರು ಏನಂದ್ರು?"

"ಇಂಥವಕ್ಕೆಲ್ಲ ಯಾರು ಡಾಕ್ಟ್ರನ್ನ ಕರೀತಾರೆ ಲವಾನ್? ಹಬ್ಬದವರೆಗೆ ಇದ್ರೆ ಹೆಚ್ಚು" ಎಂದು ಗೇರು ಹಾಕಿದೆ. ಕನ್ನಡಿಯಲ್ಲಿ ನೋಡಿದರೆ ಲವಾನ್ ರಸ್ತೆಯ ನಡುವೆಯೇ ಕರ್ಚೀಫು ತೆಗೆಯುತ್ತಿದ್ದಳು. ಪರೀಕ್ಷೆ ಪಾಸಾಯಿತು ಎಂದು ನಾವು ಹಾಡು ಹೇಳಿಕೊಂಡು ಮನೆಗೆ ಬಂದೆವು.

ಆರು ಗಂಟೆಗೆ ಅತ್ತೆಯ ಫೋನ್ ಬಂತು. "ಡ್ವೇನ್, ಬಾ ಇಲ್ಲಿಗೆ." ಅಷ್ಟೇ.

ನಮ್ಮ ಕಡೆ ಯಾರಾದರೂ ಕಾಯಿಲೆ ಬಿದ್ದರೆ ಜನ ಬಾಯಲ್ಲಿ ಏನೂ ಹೇಳುವುದಿಲ್ಲ, ಹಾಟ್‌ಡಿಶ್ ತಂದು ಕೊಡುತ್ತಾರೆ. ಗಾಜಿನ ಪಾತ್ರೆಯಲ್ಲಿ ಮಾಂಸ, ಬೀನ್ಸು, ಡಬ್ಬಿಯ ಸೂಪು ಸುರಿದು, ಮೇಲೆ ಹುರಿದ ಆಲೂಗಡ್ಡೆ ತುಂಡು ಜೋಡಿಸಿ, ಓವನ್ನಿನಲ್ಲಿ ಬೇಯಿಸಿದ್ದು. ಕಾಯಿಲೆ ಎಷ್ಟು ದೊಡ್ಡದು ಎಂಬುದನ್ನು ಪಾತ್ರೆಗಳ ಎಣಿಕೆಯಿಂದ ತಿಳಿಯಬಹುದು. ಜ್ವರಕ್ಕೆ ಎರಡು, ಮೂಳೆ ಮುರಿದರೆ ನಾಲ್ಕು. ಅತ್ತೆಯ ಅಡುಗೆಮನೆಯ ಮೇಜಿನ ಮೇಲೆ ಹನ್ನೊಂದು ಇದ್ದವು. ಪಕ್ಕದಲ್ಲಿ ಕಾಫಿ ಕಪ್ಪು ಹಿಡಿದುಕೊಂಡು ಚರ್ಚಿನ ಪಾದ್ರಿ ಸಂಕಟದಿಂದ ಕೂತಿದ್ದರು. ಅತ್ತೆ ಕೋಲಿನಷ್ಟು ನೆಟ್ಟಗೆ ನಿಂತಿದ್ದರು.

"ನನಗೆ ಲಕ್ವಾ ಹೊಡೆದಿದೆಯಂತೆ. ನಿನಗೇನಾದ್ರೂ ಗೊತ್ತಾ?"

ಪಾದ್ರಿಗಳು ಕೆಮ್ಮಿದರು. "ಲವಾನ್ ಕಣ್ಣಾರೆ ಕಂಡಳಂತೆ. ಬಾಯಿ ಮುಂದಕ್ಕೆ ಎಳ್ಕೊಂಡಿತ್ತಂತೆ, ಕತ್ತು ಕೆಂಪಗೆ ಜೋತಿತ್ತಂತೆ, ಮಾತು ಪೂರ್ತಿ ಬಿದ್ದು ಹೋಗಿತ್ತಂತೆ. ಆದ್ರೂ ಧೈರ್ಯವಾಗಿ ಕೂತಿದ್ರು ಅಂದಳು."

"ನಾನು ಎಲ್ಲಿ ಕೂತಿದ್ದೆನಂತೆ?" ಅತ್ತೆ ನನ್ನನ್ನೇ ನೋಡುತ್ತಾ ಕೇಳಿದರು.

"ನಿಮ್ಮ ಅಳಿಯನ ಟ್ರಕ್ಕಲ್ಲಿ."

"ಡ್ವೇನ್?"

ಆ ನೋಟದ ಕೆಳಗೆ ಮೂರು ತಲೆಮಾರು ತಪ್ಪೊಪ್ಪಿಕೊಂಡಿದೆ. ನಾನೂ ಒಪ್ಪಿಕೊಳ್ಳುತ್ತಿದ್ದೆ. ಆದರೆ ಗುಟ್ಟು ಬಿಟ್ಟರೆ ಹೋಮ್‌ವರ್ಕ್ ತಪ್ಪಾಗುತ್ತದೆ, ತಪ್ಪಾದರೆ ಬಸ್ಸು ಈ ಮನೆಯ ಮುಂದೆ ನಿಲ್ಲುತ್ತದೆ. "ಲವಾನ್‌ಗೆ ಕಣ್ಣು ಕಾಣಲ್ಲ ಅತ್ತೆ" ಎಂದೆ. ಅದು ಸುಳ್ಳಲ್ಲ. ಹೊರಡುವಾಗ ಒಂದು ಹಾಟ್‌ಡಿಶ್ ಕೈಗೆತ್ತಿಕೊಂಡೆ. ಹನ್ನೊಂದನ್ನು ಒಬ್ಬರೇ ಏನು ಮಾಡುತ್ತಾರೆ?

"ನಾಳೆ ನಾನೇ ಶಾಲೆಗೆ ಹೋಗ್ತೀನಿ. ಆ ಲವಾನ್ ಮುಂದೆ ನಿಂತು ಮಗ್ಗಿ ಹೇಳ್ತೀನಿ" ಎಂದು ಅತ್ತೆ ಬೆನ್ನ ಹಿಂದೆ ಗುಡುಗಿದರು.

ಶುಕ್ರವಾರ ಬೆಳಿಗ್ಗೆ ಅವರಿಗಿಂತ ಮುಂಚೆ ಮುಗಿಸಿಬಿಡಬೇಕೆಂದು ಎಂಟಕ್ಕೇ ಹೋದೆ. ಬ್ರಿಟ್ಟಾ ಫೋಲ್ಡರು ಹಿಡಿದಿದ್ದಳು, ನಾನು ಟಾಮ್‌ನನ್ನು ತಬ್ಬಿ ಇಳಿಸುತ್ತಿದ್ದೆ. ಬಾಗಿಲಿನಿಂದ ಲವಾನ್ ಚೀರಿದಳು.

"ಅಯ್ಯೋ, ನಡೆಯೋಕೂ ಆಗ್ತಿಲ್ವಾ! ಎತ್ಕೊಂಡು ಬರ್ತಿದಾನೆ ಪಾಪ! ಅಳಿಯ ಅಂದ್ರೆ ಹೀಗಿರ್ಬೇಕು!"

ಬೇಡ ಬೇಡ ಎನ್ನುವಷ್ಟರಲ್ಲಿ ಗಾಲಿಕುರ್ಚಿ ತಂದಳು, ಟಾಮ್‌ನನ್ನು ಕೂರಿಸಿದಳು, ಮಡಿಲಿಗೆ ಕಂಬಳಿ ಹೊದಿಸಿದಳು. ನಾನು ಬೆವರುತ್ತಾ ಕುರ್ಚಿ ತಳ್ಳಿದೆ. ಅಷ್ಟರಲ್ಲಿ ಹೆಡ್‌ಮಾಸ್ತರ್ ಸ್ಟೀವನ್ ಹಗ್‌ಲುಂಡ್ ಎದುರಿಗೆ ಬಂದ. ಆರಡಿ ಎತ್ತರದ ಆಳು. ಮೂರನೇ ಕ್ಲಾಸಿನಲ್ಲಿ ಅತ್ತೆಯ ಶಿಷ್ಯ. ಕುರ್ಚಿ ಕಂಡವನೇ ಮುಖಕ್ಕೆ ಕಣ್ಣೆತ್ತಲು ಧೈರ್ಯವಿಲ್ಲದೆ ನಡುಹಾದಿಯಲ್ಲೇ ಮಂಡಿಯೂರಿ, ಹುಲ್ಲು ತುಂಬಿದ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಟೀಚರ್, ನಾನು ಸ್ಟೀವನ್. ಒಂದು ವಿಷಯ ಹೇಳ್ದೇ ಇದ್ರೆ ನನಗೆ ಸಮಾಧಾನ ಇಲ್ಲ. ಭೂಪಟ ತೋರಿಸೋ ಕೋಲು ಮುರಿದಿದ್ದು ವರ್ಲಿನ್ ಅಲ್ಲ. ನಾನು. ಅವನು ಸುಮ್ನೆ ಒಂದು ವಾರ ಮೂಲೇಲಿ ನಿಂತ. ನಲವತ್ತೆರಡು ವರ್ಷದಿಂದ ನನ್ನ ಎದೇಲಿ ಚುಚ್ತಾ ಇದೆ. ಕ್ಷಮಿಸಿದೀನಿ ಅಂತ ಕೈ ಅದುಮಿ, ಸಾಕು."

ಕೈ ಅದುಮುವುದು ಟಾಮ್‌ನಿಂದ ಆಗುವ ಕೆಲಸವಲ್ಲ.

"ನನಗೆ ಅವತ್ತೇ ಗೊತ್ತಿತ್ತು ಸ್ಟೀವನ್" ಎಂದಿತು ಒಂದು ಧ್ವನಿ. "ಸುಳ್ಳು ಹೇಳುವಾಗ ನಿನ್ನ ಎಡಗಿವಿ ಕೆಂಪಾಗ್ತಿತ್ತು."

ಧ್ವನಿ ಕುರ್ಚಿಯಿಂದ ಬಂದದ್ದಲ್ಲ. ಬಾಗಿಲಲ್ಲಿ ಅತ್ತೆ ನಿಂತಿದ್ದರು. ಸ್ಟೀವನ್ ಅವರನ್ನು ನೋಡಿದ, ಕುರ್ಚಿ ನೋಡಿದ, ಕೈಯಲ್ಲಿ ಉಳಿದ ಹುಲ್ಲು ನೋಡಿದ. ಲವಾನ್ ಕಿಟಾರನೆ ಕಿರುಚಿದಳು. ಅದಕ್ಕೆ ಟಾಮ್ ತನ್ನ ಜೀವಮಾನದಲ್ಲೇ ದೊಡ್ಡ ಉತ್ತರ ಕೊಟ್ಟ. ಟೋಪಿ ಹಾರಿತು, ಕನ್ನಡಕ ಬಿತ್ತು, ಕೋಟಿನ ಹಿಂಭಾಗದಿಂದ ಬಿಳಿ ಬಾಲ ಬೀಸಣಿಗೆಯಂತೆ ಬಿಚ್ಚಿಕೊಂಡಿತು. ಎಲ್ಲ ಕ್ಲಾಸುಗಳಿಂದ ಮಕ್ಕಳು ನುಗ್ಗಿ ಬಂದರು.

ಆಗ ನಾನು ಮೊದಲ ಸಲ ಗೋಡೆ ನೋಡಿದೆ. ಉದ್ದಕ್ಕೂ ಆಗತಾನೆ ಅಂಟಿಸಿದ ಕಾಗದದ ಟರ್ಕಿಗಳು. ಒಂದು ಬಾಹ್ಯಾಕಾಶಕ್ಕೆ ಹೊರಟಿತ್ತು, ಒಂದು ಹಿಮದ ಗೊಂಬೆಯಾಗಿತ್ತು, ಒಂದು ಪಿಜ್ಜಾ ತುಂಡಾಗಿತ್ತು. ಎಲ್ಲವೂ ಒಂದೇ ಅಚ್ಚಿನವು. ಮಿಸ್ ಪಾವ್ಲಕ್ ಬಾಯಿ ಬಿಟ್ಟುಕೊಂಡು ನಿಂತಿದ್ದಳು. ನಾನು ಜೇಬಿಗೆ ಕೈ ಹಾಕಿ ಸೋಮವಾರದ ಮುದ್ದೆಯನ್ನು ಬಿಡಿಸಿದೆ. ಆಯಿಲ್ ಕಲೆಯ ಹಿಂಬದಿಯಲ್ಲಿ, ಅದೇ ಅಚ್ಚಿನ, ಬಣ್ಣ ತುಂಬದ ಟಾಮ್ ನನ್ನನ್ನೇ ನೋಡುತ್ತಿದ್ದ.

"ಟೋರ್ಗರ್‌ಸನ್ ಅವರೇ," ಎಂದಳು ಮಿಸ್ ಪಾವ್ಲಕ್, "ಇದು ತುಂಬಾನೇ ಬೇರೆ ಥರ..."

ಬ್ರಿಟ್ಟಾ ನನ್ನ ಪ್ಯಾಂಟಿನ ಜೇಬಿಗೆ ಒಂದು ಬೆರಳು ಸಿಕ್ಕಿಸಿ ಹಿಡಿದುಕೊಂಡಳು.

"ಫೋಲ್ಡರ್ ಕೊಡು" ಎಂದು ಅತ್ತೆ ಕೈ ಚಾಚಿದರು.

ಬ್ರಿಟ್ಟಾ ಕೊಟ್ಟಳು. ಅತ್ತೆ ಕತ್ತಿನ ಕನ್ನಡಕ ಏರಿಸಿದರು. ನಲವತ್ತೊಂದು ವರ್ಷದ ಅಭ್ಯಾಸ, ತಿದ್ದದೆ ಕಾಗದ ಹಿಡಿಯಲು ಅವರಿಗೆ ಬರುವುದಿಲ್ಲ. ಗಟ್ಟಿಯಾಗಿ ಓದಿದರು.

"'ಮನೆಯವರೆಲ್ಲ ಸೇರಿ.' ಇದನ್ನ ಯಾರ್ಯಾರು ಮಾಡಿದ್ರಿ?"

"ನಾನು, ಅಪ್ಪ" ಎಂದಳು ಬ್ರಿಟ್ಟಾ. "ಅಮ್ಮ ಗೋಂದು ಕಮ್ಮಿ ಹಾಕಿ ಅಂದ್ಲು."

"'ಮನೆಯಲ್ಲಿರುವ ಹಳೆಯ ವಸ್ತುಗಳು.' ಕೋಟು ನನ್ನದೇ. ಹಳೇದು ಅಂತ ನಾನು ಒಪ್ಪಲ್ಲ, ಇರ್ಲಿ. 'ಶುಕ್ರವಾರದವರೆಗೆ ಗುಟ್ಟು.' ನಿನ್ನೆ ಪಾದ್ರಿಗಳ ಮುಂದೆ ನಾನೇ ಕೇಳಿದ್ರೂ ಬಾಯಿ ಬಿಡ್ಲಿಲ್ಲ." ಆಮೇಲೆ ಗೋಡೆಯತ್ತ ತಿರುಗಿದರು. "'ಟರ್ಕಿ ಎಂದು ಯಾರಿಗೂ ಗುರುತು ಸಿಗಬಾರದು.' ಮಿಸ್ ಪಾವ್ಲಕ್, ಆ ಬಾಹ್ಯಾಕಾಶದವನು ಏನು?"

"ಟರ್ಕಿ, ಮೇಡಂ."

"ಆ ಪಿಜ್ಜಾ?"

"ಅದೂ ಟರ್ಕೀನೇ."

"ಸ್ಟೀವನ್, ಈಗ ನೀನು ಯಾರ ಮುಂದೆ ಮಂಡಿ ಊರಿದ್ದೆ?"

"ನಿಮ್ಮ ಮುಂದೆ ಟೀಚರ್" ಎಂದ ಹೆಡ್‌ಮಾಸ್ತರ್. ಎಡಗಿವಿ ಬೆಳ್ಳಗೇ ಇತ್ತು.

"ಹಾಗಿದ್ರೆ ಇಡೀ ಕ್ಲಾಸಲ್ಲಿ ಹೋಮ್‌ವರ್ಕ್ ಸರಿಯಾಗಿ ಮಾಡಿದ್ದು ಒಂದೇ ಮಗು" ಎಂದು ಅತ್ತೆ ಫೋಲ್ಡರನ್ನು ತಂದು ನನ್ನ ಎದೆಗೆ ಒತ್ತಿದರು. "ಸಹಿ ಹಾಕು ಡ್ವೇನ್. ಪಾಲಕರ ಸಹಿ ಇಲ್ಲ ಇದರಲ್ಲಿ. ಸೋಮವಾರದ್ದೂ ನೀನೇ ಹಾಕ್ಬೇಕು, ನೆನಪಿರ್ಲಿ."

ನಾನು ಹಾಕಿದೆ. ಅತ್ತೆ ಕೆಳಗೆ ಬಿದ್ದಿದ್ದ ಟೋಪಿ ಎತ್ತಿ, ಕೊಡವಿ, ಟಾಮ್‌ನ ತಲೆಗೆ ತಾವೇ ಹಾಕಿದರು. ಸ್ವಲ್ಪ ಓರೆ ಮಾಡಿದರು, ತಾವು ಹಾಕುವ ಹಾಗೆಯೇ. ಹಿಂದೆ ಸರಿದು ನೋಡಿದರು.

"ಅಷ್ಟೇನೂ ಕೆಟ್ಟದಾಗಿಲ್ಲ" ಎಂದರು.

ಟಾಮ್‌ಗೆ ಹೇಳಿದರೋ ನನಗೆ ಹೇಳಿದರೋ ಎಂದು ಕಾರ್ಲಾ ಇವತ್ತಿಗೂ ವಾದ ಮಾಡುತ್ತಾಳೆ. ನನಗೆ ಹೇಳಿದ್ದು. ನಾನು ಅಲ್ಲೇ ಇದ್ದೆ.

ಟಾಮ್‌ನನ್ನು ವರ್ಲಿನ್ ವಾಪಸು ತೆಗೆದುಕೊಳ್ಳಲಿಲ್ಲ. ಅಂದಹಾಗೆ, ಕೋಲು ಮುರಿದ ತಪ್ಪಿಗೆ ಹೆಡ್‌ಮಾಸ್ತರರು ಖುದ್ದಾಗಿ ಹೋಗಿ ವರ್ಲಿನ್‌ಗೆ ಕೈ ಮುಗಿದು ಬಂದರಂತೆ. ಅತ್ತೆಯ ಕೋಟು ತೊಟ್ಟವನನ್ನು ಕೊಯ್ಯುವ ಧೈರ್ಯ ಈ ಜಿಲ್ಲೆಯಲ್ಲಿ ಯಾರಿಗಿದೆ? ಈ ಸಲ ಹಬ್ಬಕ್ಕೆ ಹಂದಿಮಾಂಸವೆಂದು ಕಾರ್ಲಾ ಸಾರಿದಳು. ಟಾಮ್ ಷೆಡ್ಡಿನ ಒಲೆಯ ಪಕ್ಕ ಕೋಟು ಹಾಕಿಕೊಂಡೇ ಮಲಗುತ್ತಾನೆ. ತೆಗೆಯಲು ಹೋದರೆ ಕುಕ್ಕುತ್ತಾನೆ.

ಸೋಮವಾರ ಬಸ್ಸು ನಮ್ಮ ಮನೆಯ ಮುಂದೆಯೇ ನಿಂತಿತು. ಬ್ರಿಟ್ಟಾ ಬಕೆಟ್ಟಿನ ಮೇಲೆ ಕೂತು ಫೋಲ್ಡರು ಬಿಚ್ಚಿದಳು. ಒಂದೇ ಹಾಳೆ ಇತ್ತು. ನಾನು ಆಯಿಲ್ ಕಡ್ಡಿ ಕೆಳಗಿಟ್ಟು, ಕೈ ತೊಳೆದು, ಒರೆಸಿ, ಹಾಳೆ ತೆಗೆದುಕೊಂಡೆ. 'ಈ ಶುಕ್ರವಾರ ಹಬ್ಬದ ಊಟ! ನಿಮ್ಮ ಅಜ್ಜಿಯನ್ನು ಶಾಲೆಗೆ ಕರೆತನ್ನಿ.'

ಬ್ರಿಟ್ಟಾ ಒಲೆಯ ಪಕ್ಕದ ನೇರಳೆ ಕೋಟನ್ನು ನೋಡಿದಳು. "ಯಾವ ಅಜ್ಜೀನ ಅಪ್ಪಾ?"

ನಾನು ಹಾಳೆಯ ಎರಡೂ ಬದಿ ಓದಿದೆ. ಬೆಳಕಿಗೆ ಹಿಡಿದೂ ಓದಿದೆ. ಅದನ್ನು ಮಾತ್ರ ಅವರು ಬರೆದಿರಲಿಲ್ಲ.